ಒಂದೇ ಇಂಜೆಕ್ಷನ್, ಕೆಲವಕ್ಕೆ ಮಾತ್ರ ಗುಣ: ಯಾಕೆ ಹೀಗೆ?

ಪ್ರಶ್ನೆ: ನಮ್ಮ ಕರುಗಳಿಗೂ ಕುರಿಗಳಿಗೂ ಜ್ವರ, ಕೆಮ್ಮು, ಉಬ್ಬಸ ಬಂದಿದೆ. ಎಲ್ಲಕ್ಕೂ ಒಂದೇ ಆಂಟಿಬಯೋಟಿಕ್ ಕೊಟ್ಟೆವು. ಕೆಲವು ಗೆಲುವಾದವು, ಕೆಲವು ಹಾಗೇ ಇವೆ. ಇನ್ನೂ ಪವರ್ ಜಾಸ್ತಿ ಇರುವ ಔಷಧಿ ಕೊಡಬೇಕಾ?

ಉತ್ತರ: ಪವರ್‌ಗಿಂತ ಮೊದಲು ನೋಡಬೇಕಾದ್ದು, ಚಿಕಿತ್ಸೆ ಯಾವ ದಿನ ಶುರುವಾಯ್ತು ಅನ್ನೋದು. ನ್ಯುಮೋನಿಯಾದಲ್ಲಿ ಶ್ವಾಸಕೋಶ ಗಟ್ಟಿಯಾಗಿ ಕೀವು ಕಟ್ಟಿದ ಮೇಲೆ ಆ ಜಾಗಕ್ಕೆ ರಕ್ತ ಸರಿಯಾಗಿ ಹೋಗುವುದಿಲ್ಲ. ರಕ್ತ ಹೋಗದ ಕಡೆ ಔಷಧಿಯೂ ಹೋಗುವುದಿಲ್ಲ, ಅಲ್ವಾ? ಹಾಗಾಗಿ ಬಾಯಿ ತೆರೆದು ಉಸಿರಾಡುವ ತನಕ ಕಾಯಬೇಡಿ. ಮೇವು ಬಿಟ್ಟು ಮಂಕಾಗಿ ನಿಂತ ದಿನವೇ ಥರ್ಮಾಮೀಟರ್ ಹಿಡಿಯಿರಿ. ಮಾಮೂಲಿ ತಾಪ ದನಕ್ಕೆ 38.5, ಕುರಿಗೆ 39 ಡಿಗ್ರಿ ಸೆಲ್ಸಿಯಸ್ ಆಸುಪಾಸು. 40 ದಾಟಿದರೆ ವೈದ್ಯರನ್ನು ಕರೆಯಿರಿ.

ಇನ್ನು ರೋಗಾಣು. ಕರು, ಕುರಿ ಎರಡರಲ್ಲೂ ಜಾಸ್ತಿ ಕಾಡುವುದು ಮ್ಯಾನ್‌ಹೈಮಿಯಾ ಹೀಮೊಲಿಟಿಕಾ ಮತ್ತು ಪಾಶ್ಚುರೆಲ್ಲಾ ಅನ್ನೋ ಬ್ಯಾಕ್ಟೀರಿಯಾಗಳು. ಇವಕ್ಕೆ ಆಕ್ಸಿಟೆಟ್ರಾಸೈಕ್ಲಿನ್, ಫ್ಲೋರ್‌ಫೆನಿಕಾಲ್, ಟುಲಾಥ್ರೋಮೈಸಿನ್‌ನಂಥ ಆಂಟಿಬಯೋಟಿಕ್‌ಗಳು ಕೆಲಸ ಮಾಡುತ್ತವೆ. ಆದರೆ ಜೊತೆಗೆ ಮೈಕೊಪ್ಲಾಸ್ಮಾ ಅನ್ನೋ ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಸೇರಿದ್ದರೆ ಲೆಕ್ಕವೇ ಬೇರೆ. ಪೆನಿಸಿಲಿನ್, ಸೆಫ್ಟಿಯೋಫರ್ ಅನ್ನೋ ಆಂಟಿಬಯೋಟಿಕ್‌ಗಳು ಎರಡೂ ಬ್ಯಾಕ್ಟೀರಿಯಾದ ಹೊರಗೋಡೆಯನ್ನು ಹಾಳುಮಾಡಿ ಅದನ್ನು ಕೊಲ್ಲುತ್ತವೆ. ಮೈಕೊಪ್ಲಾಸ್ಮಾಕ್ಕೆ ಆ ಗೋಡೆಯೇ ಇಲ್ಲ. ಎಷ್ಟು ಸಲ ಚುಚ್ಚಿದರೂ ಅದು ಸಾಯುವುದಿಲ್ಲ.

ವೈರಸ್ ಅಥವಾ ಶ್ವಾಸಕೋಶದ ಹುಳು ಇದ್ದರೂ ಆಂಟಿಬಯೋಟಿಕ್‌ನಿಂದ ಅವು ಹೋಗುವುದಿಲ್ಲ. ಬಾಯಿಗೆ ಔಷಧಿ ಹಾಕುವಾಗ ತಲೆ ತೀರಾ ಮೇಲೆತ್ತಿ, ಅದು ಉಸಿರಿನ ನಾಳಕ್ಕೆ ಇಳಿದಿದ್ದರೂ ಇದೇ ಲಕ್ಷಣ ಕಾಣುತ್ತದೆ.

ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದಂತಾಗಿರುವುದೂ ಉಂಟು. ಮ್ಯಾನ್‌ಹೈಮಿಯಾದಲ್ಲಿ ಹಲವು ಔಷಧಿಗಳನ್ನು ತಡೆಯುವ ಜೀನ್‌ಗಳು ಒಂದೇ ಗಂಟಾಗಿ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲವು. ತೂಕ ಕಣ್ಣಂದಾಜಲ್ಲಿ ಹೇಳಿ ಕಡಿಮೆ ಡೋಸ್ ಕೊಡುವುದು, ಒಂದು ದಿನ ಚೇತರಿಸಿತು ಅಂತ ನಿಲ್ಲಿಸಿಬಿಡುವುದು ಇದಕ್ಕೆ ದಾರಿ ಮಾಡಿಕೊಡುತ್ತವೆ. ನನಗೆ ತುಂಬಾ ಬೇಸರ ತರಿಸುವ ಅಭ್ಯಾಸ ಇದು.

ಔಷಧಿ ಕೊಟ್ಟು 48ರಿಂದ 72 ಗಂಟೆಯೊಳಗೆ ಜ್ವರ ಇಳಿಯದಿದ್ದರೆ, ಸುಮ್ನೆ ಅದನ್ನೇ ಮುಂದುವರಿಸಬೇಡಿ. ಇನ್ನೂ ಇಂಜೆಕ್ಷನ್ ಬೀಳದ, ಹೊಸದಾಗಿ ಜ್ವರ ಬಂದ ಪ್ರಾಣಿ ಇದ್ದರೆ ಅದರ ಮೂಗಿನ ಒಳಭಾಗದಿಂದ ಸ್ವಾಬ್ ತೆಗೆಸಿ, ಯಾವ ಔಷಧಿ ಹಿಡಿಯುತ್ತದೆ ಅಂತ ಲ್ಯಾಬ್‌ನಲ್ಲಿ ನೋಡಿಸಿ. ಸತ್ತ ಪ್ರಾಣಿಯಿದ್ದರೆ ಪೋಸ್ಟ್‌ಮಾರ್ಟಂ ಮಾಡಿಸಿ. ಮಿಕ್ಕವನ್ನು ಉಳಿಸಲು ಅದರಷ್ಟು ಮಾಹಿತಿ ಬೇರೆ ಯಾವುದೂ ಕೊಡುವುದಿಲ್ಲ.

ಒಂದು ಎಚ್ಚರಿಕೆ. ಯಾರಾದರೂ ಟಿಲ್ಮಿಕೋಸಿನ್ ಅನ್ನೋ ಆಂಟಿಬಯೋಟಿಕ್ ಇಂಜೆಕ್ಷನ್ ಹೇಳಿದರೆ ನೀವೇ ಚುಚ್ಚಲು ಹೋಗಬೇಡಿ. ಸೂಜಿ ತಪ್ಪಿ ಮನುಷ್ಯರಿಗೆ ಚುಚ್ಚಿದರೆ ಹೃದಯ ನಿಂತು ಜೀವ ಹೋಗಬಹುದು. ಅದನ್ನು ವೈದ್ಯರೇ ಕೊಡಲಿ.