ಹಿಂದಕ್ಕೆ ಪಡೆದ ಒಂದು ಮಸೂದೆ ಮತ್ತು ಕಬ್ಬಿನ ಗಾಡಿಯ ಎತ್ತು

ನೀವು ಕೇಳಿದ್ದು ಇದು: "ರಾಜ್ಯಸಭೆಗೆ ನಾಮನಿರ್ದೇಶನ ಆಗುವ ಕಲಾವಿದರು, ವಿದ್ವಾಂಸರು ಬರೀ ಶೋಭೆಗಾ? ಸಮಾಜದ ಅಥವಾ ಪರಿಸರದ ವಿಷಯದಲ್ಲಿ ಸದನದಲ್ಲಿ ಮಾತಾಡಿ ನಿಜವಾಗಿ ಏನನ್ನಾದರೂ ಬದಲಾಯಿಸಿದವರು ಒಬ್ಬರಾದರೂ ಇದ್ದಾರಾ?"

ಇದ್ದಾರೆ. ರುಕ್ಮಿಣಿದೇವಿ ಅರುಂಡೇಲ್.

ಭರತನಾಟ್ಯ ಗೊತ್ತಿರುವವರಿಗೆ ಅವರ ಹೆಸರು ಹೊಸದಲ್ಲ. 1936ರಲ್ಲಿ ಮದರಾಸಿನಲ್ಲಿ ಕಲಾಕ್ಷೇತ್ರ ಅನ್ನುವ ನಾಟ್ಯ-ಸಂಗೀತದ ಶಾಲೆ ಕಟ್ಟಿದವರು. ಆದರೆ ನನಗೆ ನಾಟ್ಯದ ಗಂಧಗಾಳಿ ಇಲ್ಲ. ನಾನು ಅವರ ಹೆಸರು ತಲುಪಿದ್ದು ಒಂದು ಎತ್ತಿನ ದೆಸೆಯಿಂದ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮದು ಮಂಡ್ಯ ಕಡೆ. ಮನೆಯಲ್ಲಿ ಹಳ್ಳಿಕಾರ್ ತಳಿಯ ಎತ್ತಿನ ಜೋಡಿ ಇತ್ತು. ಅಪ್ಪ ಎತ್ತುಗಳಿಗೆ ನೀರು ಕುಡಿಸದೆ ತಾನು ಊಟಕ್ಕೆ ಕೂರುತ್ತಿರಲಿಲ್ಲ. ಅಂಥ ಮನೆಯಲ್ಲಿ ಬೆಳೆದವನಿಗೆ ಕೆಲವು ದೃಶ್ಯ ನೋಡಲಾಗುವುದಿಲ್ಲ. ಹತ್ತು ಹನ್ನೆರಡು ವರ್ಷದ ಹಿಂದೆ, ಒಂದು ಬೇಸಿಗೆ ಮಧ್ಯಾಹ್ನ, ಕಬ್ಬು ತುಂಬಿದ ಟೈರ್ ಗಾಡಿ ಒಂದು ರಸ್ತೆಯ ಏರಿನಲ್ಲಿ ನಿಂತುಬಿಟ್ಟಿತ್ತು. ಒಂದು ಎತ್ತಿನ ಹೆಗಲ ಮೇಲೆ ನೊಗ ಉಜ್ಜಿ ಉಜ್ಜಿ ಅಂಗೈಯಗಲ ಹುಣ್ಣಾಗಿತ್ತು. ನೊಗ ಅದೇ ಹುಣ್ಣಿನ ಮೇಲೆ ಕೂತಿತ್ತು. ಎತ್ತು ಮಂಡಿಯೂರಿತು. ಗಾಡಿಯವನು ಹೊಡೆದ. ಮತ್ತೆ ಹೊಡೆದ.

ನಾನು ಹತ್ತಿರದ ಠಾಣೆಗೆ ಹೋದೆ. ಅಲ್ಲಿದ್ದವರು ಕೆಟ್ಟವರೇನಲ್ಲ. ಆದರೆ ಇದಕ್ಕೆ ಒಂದು ಕಾನೂನು ಇದೆ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ಒಬ್ಬರು ಪುಸ್ತಕ ತಿರುವಿ ಹಾಕಿ, "50 ರೂಪಾಯಿ ದಂಡ ಸ್ವಾಮಿ, ಇದಕ್ಕೆ ಯಾಕೆ ಕೋರ್ಟು ಕಚೇರಿ" ಅಂದರು. ದೂರು ಬರೆದುಕೊಳ್ಳಲಿಲ್ಲ. ಆ ರಾತ್ರಿ ಮನೆಗೆ ಬಂದು ನಾನು ಕಾಯ್ದೆ ಓದಲು ಕೂತೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960. ಇದು ಎಲ್ಲಿಂದ ಬಂತು ಅಂತ ಹುಡುಕಿದಾಗ ಸಿಕ್ಕಿದ್ದು ರುಕ್ಮಿಣಿದೇವಿಯವರ ಹೆಸರು.

ರಾಜ್ಯಸಭೆ ಮೊದಲ ಬಾರಿ ಸೇರಿದ್ದು 1952ರ ಮೇ 13ರಂದು. ಸಾಹಿತ್ಯ, ವಿಜ್ಞಾನ, ಕಲೆ, ಸಮಾಜಸೇವೆಯ 12 ಜನರನ್ನು ರಾಷ್ಟ್ರಪತಿ ನೇಮಿಸಬಹುದು ಅಂತ ಸಂವಿಧಾನದಲ್ಲಿದೆ. ಆ ಮೊದಲ ತಂಡದಲ್ಲಿ ವಿಜ್ಞಾನಿ ಸತ್ಯೇಂದ್ರನಾಥ ಬೋಸ್ ಇದ್ದರು, ನಟ ಪೃಥ್ವಿರಾಜ್ ಕಪೂರ್ ಇದ್ದರು, ಕವಿ ಮೈಥಿಲೀಶರಣ ಗುಪ್ತ ಇದ್ದರು. ಹಾಗೆ ನಾಮನಿರ್ದೇಶನ ಆದ ಮೊದಲ ಹೆಂಗಸು ರುಕ್ಮಿಣಿದೇವಿ. ಅವರ ಹಿಂದೆ ಪಕ್ಷ ಇರಲಿಲ್ಲ. ಒತ್ತಾಯ ಮಾಡುವ ಕ್ಷೇತ್ರದ ಜನ ಇರಲಿಲ್ಲ. ಮಾತಾಡದೆ ಸುಮ್ನೆ ಕೂತಿದ್ದರೂ ಯಾರೂ ಕೇಳುತ್ತಿರಲಿಲ್ಲ.

ಅವರು ಕೈಗೆತ್ತಿಕೊಂಡಿದ್ದು ಮಾತು ಬಾರದ ಪ್ರಾಣಿಗಳ ವಿಷಯ. ದೇಶ ವಿಭಜನೆಯಿಂದ ಆಗತಾನೇ ಚೇತರಿಸಿಕೊಳ್ಳುತ್ತಿತ್ತು, ಅನ್ನಕ್ಕೆ ಕೊರತೆ ಇತ್ತು. ಅಂಥ ಹೊತ್ತಿನಲ್ಲಿ ಪ್ರಾಣಿಗಳ ನೋವಿನ ಬಗ್ಗೆ ಸಂಸತ್ತಿನಲ್ಲಿ ಎದ್ದು ನಿಲ್ಲುವುದಕ್ಕೆ ಗಟ್ಟಿ ಮನಸ್ಸು ಬೇಕು.

ಆಗ ಜಾರಿಯಲ್ಲಿದ್ದದ್ದು ಬ್ರಿಟಿಷರ ಕಾಲದ 1890ರ ಕಾಯ್ದೆ. ಅದರ ದೊಡ್ಡ ದೋಷ ಕೇಳಿದರೆ ನಿಮಗೆ ಆಶ್ಚರ್ಯ ಆಗಬಹುದು. ಅದು ನಡೆಯುತ್ತಿದ್ದದ್ದು ಪಟ್ಟಣಗಳ ಎಲ್ಲೆಯೊಳಗೆ ಮಾತ್ರ. ಎತ್ತು, ಕೋಣ, ಕತ್ತೆ, ಕುದುರೆ ಇವೆಲ್ಲ ಜಾಸ್ತಿ ದುಡಿಯುವುದು ಹಳ್ಳಿಯಲ್ಲಿ ಅಲ್ವಾ? ಅಲ್ಲಿಗೆ ಕಾನೂನೇ ಇರಲಿಲ್ಲ. ಪ್ರಾಣಿ ಅಂದರೆ ಸಾಕಿದ್ದು ಅಥವಾ ಹಿಡಿದು ಇಟ್ಟುಕೊಂಡದ್ದು ಅಷ್ಟೇ, ಉಳಿದವು ಲೆಕ್ಕಕ್ಕಿಲ್ಲ. ಕ್ರೌರ್ಯದ ಪಟ್ಟಿಯೂ ಚಿಕ್ಕದು.

1953ರಲ್ಲಿ ರುಕ್ಮಿಣಿದೇವಿ ಒಂದು ಖಾಸಗಿ ಸದಸ್ಯರ ಮಸೂದೆ ತಂದರು. ಮಂತ್ರಿಯಲ್ಲದವರು ತರುವ ಮಸೂದೆಗೆ ಹಾಗನ್ನುತ್ತಾರೆ. ಇವುಗಳ ಚರ್ಚೆ ಶುಕ್ರವಾರ ಮಧ್ಯಾಹ್ನ, ಅದೂ ಎರಡೂವರೆ ಗಂಟೆ ಮಾತ್ರ. ಹೆಚ್ಚಿನವು ಚರ್ಚೆಗೇ ಬರುವುದಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಹೀಗೆ ಬಂದು ಕಾಯ್ದೆಯಾದವು ಒಟ್ಟು 14. ಕೊನೆಯದು 1970ರಲ್ಲಿ. ಅಂದರೆ ಆ ಬಾಗಿಲು ಎಷ್ಟು ಕಿರಿದು ಅಂತ ನೀವೇ ಊಹಿಸಿ.

1954ರಲ್ಲಿ ಚರ್ಚೆ ನಡೆಯಿತು. ಪ್ರಧಾನಿ ನೆಹರೂ ಅವರೇ ಎದ್ದು ಮಾತಾಡಿದರು. ನಿಮ್ಮ ಉದ್ದೇಶ ಒಳ್ಳೆಯದು, ಸರ್ಕಾರವೇ ಒಂದು ಸಮಿತಿ ಮಾಡಿ ಇದನ್ನೆಲ್ಲ ನೋಡುತ್ತದೆ, ಈ ಮಸೂದೆಯನ್ನು ಹಿಂದಕ್ಕೆ ಪಡೆಯಿರಿ ಅನ್ನುವುದು ಅವರ ಮಾತಿನ ಸಾರ. ರುಕ್ಮಿಣಿದೇವಿ ಹಿಂದಕ್ಕೆ ಪಡೆದರು.

ಮೊದಲ ಸಲ ಇದನ್ನು ಓದಿದಾಗ ನನಗೆ ಬೇಸರವಾಗಿತ್ತು. ಇಷ್ಟೇನಾ ಅನ್ನಿಸಿತ್ತು. ಸಮಿತಿ ಅಂದರೆ ವಿಷಯ ಮೂಲೆಗೆ ಸೇರಿತು ಅಂತಲೇ ನಾವು ಅರ್ಥ ಮಾಡಿಕೊಳ್ಳುವುದು. ಆಮೇಲೆ ಯೋಚಿಸುತ್ತಾ ಹೋದ ಹಾಗೆ ನನ್ನ ಅಭಿಪ್ರಾಯ ಬದಲಾಯಿತು. ಅವರ ಕೈಯಲ್ಲಿ ಇದ್ದದ್ದು ಒಂದೇ ಮತ. ಹಟ ಹಿಡಿದು ಮತಕ್ಕೆ ಹಾಕಿಸಿದ್ದರೆ ಮಸೂದೆ ಬಿದ್ದುಹೋಗುತ್ತಿತ್ತು. ಬಿದ್ದ ಮಸೂದೆಯ ವಿಷಯವನ್ನು ಸರ್ಕಾರ ತಾನಾಗಿ ಮತ್ತೆ ಎತ್ತಿಕೊಳ್ಳುವುದು ಕಷ್ಟ. ಹಿಂದಕ್ಕೆ ಪಡೆದಿದ್ದರಿಂದ ಪ್ರಧಾನಿಯ ಮಾತು ಸದನದ ದಾಖಲೆಯಲ್ಲಿ ಸಾಲದ ಹಾಗೆ ಉಳಿಯಿತು. ಆ ಸಾಲ ತೀರಲೇಬೇಕಾಯಿತು.

ಸಮಿತಿ ಆಯಿತು, ವರದಿ ಬಂತು, ಸರ್ಕಾರಿ ಮಸೂದೆ ಬಂತು. 1960ರ ಡಿಸೆಂಬರ್ 26ರಂದು ಕಾಯ್ದೆ ಆಯಿತು. ಆರು ವರ್ಷ ಹಿಡಿಯಿತು. 1956ರಲ್ಲಿ ಅವರನ್ನು ಎರಡನೇ ಸಲ ನೇಮಿಸಿದ್ದರಿಂದ ಆಗಲೂ ಅವರು ಸದನದಲ್ಲೇ ಇದ್ದರು. ಹೆಸರಿಗೆ ಅದು ಸರ್ಕಾರದ ಕಾಯ್ದೆ. ಆದರೆ ಮೊದಲು ಗುದ್ದಲಿ ಹಾಕಿದವರು ಯಾರು ಅಂತ ಎಲ್ಲರಿಗೂ ಗೊತ್ತಿತ್ತು. 1962ರಲ್ಲಿ ಈ ಕಾಯ್ದೆಯಡಿ ಪ್ರಾಣಿ ಕಲ್ಯಾಣ ಮಂಡಳಿ ಮದರಾಸಿನಲ್ಲಿ ಶುರುವಾದಾಗ ಮೊದಲ ಅಧ್ಯಕ್ಷರು ಅವರೇ.

ಆ ಕಾಯ್ದೆಯಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಸೆಕ್ಷನ್ 3. ಚಿಕ್ಕದು, ಒಂದೇ ವಾಕ್ಯ. ಪ್ರಾಣಿಯನ್ನು ಇಟ್ಟುಕೊಂಡವರು ಅದು ಚೆನ್ನಾಗಿರುವ ಹಾಗೆ ನೋಡಿಕೊಳ್ಳಬೇಕು, ಅದಕ್ಕೆ ಬೇಡದ ನೋವು ಆಗದಂತೆ ತಡೆಯಬೇಕು. ಬರೀ "ಹೊಡೆಯಬೇಡಿ" ಅಂತಲ್ಲ, "ನೋಡಿಕೊಳ್ಳಿ" ಅಂತ. ಅಪ್ಪ ಮಾಡುತ್ತಿದ್ದದ್ದೂ ಇದನ್ನೇ. ಸೆಕ್ಷನ್ 11ರಲ್ಲಿ ಉದ್ದದ ಪಟ್ಟಿ ಇದೆ: ಮಿತಿಮೀರಿ ಭಾರ ಹೇರುವುದು, ಮುದಿಯಾದ ಅಥವಾ ಗಾಯವಾದ ಪ್ರಾಣಿಯಿಂದ ಕೆಲಸ ಮಾಡಿಸುವುದು, ಮೈ ತಿರುಗಿಸಲಾಗದ ಬೋನಿನಲ್ಲಿ ಇಡುವುದು, ಗಿಡ್ಡ ಸರಪಳಿಯಲ್ಲಿ ಕಟ್ಟಿಹಾಕುವುದು, ನೀರು ಮೇವು ಕೊಡದಿರುವುದು, ಬೀದಿಗೆ ಬಿಟ್ಟುಬಿಡುವುದು. ಪ್ರಯೋಗಾಲಯಗಳಲ್ಲಿ ಪ್ರಾಣಿಗಳ ಮೇಲೆ ಮಾಡುವ ಪ್ರಯೋಗಕ್ಕೂ, ಸರ್ಕಸ್ಸಿನಂಥ ಪ್ರದರ್ಶನಕ್ಕೂ ಕಟ್ಟಳೆ ಬಂತು.

ಕೆಲವನ್ನು ಬಿಟ್ಟುಕೊಡಬೇಕಾಯಿತು. ಧರ್ಮದ ಕಟ್ಟಳೆಯಂತೆ ಪ್ರಾಣಿ ಕೊಲ್ಲುವುದು ಅಪರಾಧವಲ್ಲ ಅಂತ ಸೆಕ್ಷನ್ 28 ಹೇಳುತ್ತದೆ. ಮೂಗುದಾರ ಪೋಣಿಸುವುದು, ಬರೆ ಹಾಕುವುದು, ಬೀಜ ಒಡೆಯುವುದು ನಿಗದಿ ಮಾಡಿದ ರೀತಿಯಲ್ಲಿ ಇದ್ದರೆ ಮಾಡಬಹುದು. ಮೂಗುದಾರ ಇಲ್ಲದೆ ಹಳ್ಳಿಕಾರ್ ಹೋರಿಯನ್ನು ಹಿಡಿಯಲಾಗುತ್ತದೆಯೇ? ಆಗುವುದಿಲ್ಲ. ರೈತರ ಬದುಕನ್ನು ನೋಡಿ ಬರೆದ ಕಾಯ್ದೆ ಇದು ಅಂತ ನನಗೆ ಅಲ್ಲಿ ಅನ್ನಿಸಿತು.

ಇನ್ನು ನನ್ನ ಎತ್ತಿನ ವಿಷಯ. ಈ ಕಾಯ್ದೆಯಡಿ 1965ರಲ್ಲಿ ಭಾರ ಎಳೆಯುವ, ಹೊರುವ ಪ್ರಾಣಿಗಳಿಗೆಂದೇ ನಿಯಮಗಳು ಬಂದವು. ದಿನಕ್ಕೆ ಒಟ್ಟು 9 ಗಂಟೆಗಿಂತ ಜಾಸ್ತಿ ದುಡಿಸುವಂತಿಲ್ಲ. ಒಂದೇ ಸಮ 5 ಗಂಟೆ ದಾಟುವಂತಿಲ್ಲ. ಬಿಸಿಲು 37 ಡಿಗ್ರಿ ಸೆಲ್ಸಿಯಸ್ ಮೀರುವ ಕಡೆ ಮಧ್ಯಾಹ್ನ 12ರಿಂದ 3ರ ತನಕ ನೊಗ ಹೂಡುವಂತಿಲ್ಲ. ಎಷ್ಟು ಭಾರ ಅನ್ನುವುದು ಎತ್ತಿನ ಗಾತ್ರ ನೋಡಿ, ಚಕ್ರ ಯಾವ ಥರದ್ದು ಅಂತ ನೋಡಿ ನಿರ್ಧಾರ. ಉದ್ದದ ಕಡಿದಾದ ಏರು ಇದ್ದರೆ ಅದರಲ್ಲೂ ಅರ್ಧ. ಮೊಳೆ ಹೊಡೆದ ಕೋಲು ಬಳಸುವಂತಿಲ್ಲ. ನಮ್ಮ ಕಡೆ ಗಾಡಿ ಹೊಡೆಯುವ ಎಷ್ಟು ಜನಕ್ಕೆ ಇದು ಗೊತ್ತು? ನನಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಆ ದಿನ ಠಾಣೆಯಲ್ಲಿ ಬಾಯಿ ಮುಚ್ಚಿಕೊಂಡು ಎದ್ದು ಬರುತ್ತಿರಲಿಲ್ಲ.

ನೀವು ಪರಿಸರ ಅಂತಲೂ ಕೇಳಿದ್ದೀರಿ. 1976ರಲ್ಲಿ 42ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಮೂಲಭೂತ ಕರ್ತವ್ಯಗಳು ಸೇರಿದವು. ಕಾಡು, ಕೆರೆ, ನದಿ, ವನ್ಯಜೀವಿ ಕಾಪಾಡುವುದು ಮತ್ತು ಜೀವಿಗಳ ಮೇಲೆ ಕರುಣೆ ಇಡುವುದು ಎರಡೂ ಅಲ್ಲಿ ಒಂದೇ ಉಪವಿಧಿಯಲ್ಲಿವೆ: 51ಎ (ಜಿ). 2014ರ ಮೇ 7ರಂದು ತಮಿಳುನಾಡಿನ ಹೋರಿ ಹಿಡಿಯುವ ಆಟವಾದ ಜಲ್ಲಿಕಟ್ಟನ್ನು ನಿಷೇಧಿಸಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಾಗ 1960ರ ಕಾಯ್ದೆಯ ಸೆಕ್ಷನ್ 3 ಮತ್ತು 11ನ್ನು ಈ ಕರ್ತವ್ಯದ ಜೊತೆ ಇಟ್ಟು ಓದಿತು. ಅದರ ಬಿಸಿ ನಮ್ಮ ಕರಾವಳಿಯ ಕಂಬಳಕ್ಕೂ ತಟ್ಟಿತು. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅನ್ನುವುದು ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ವಿಷಯ. ಹಾಗಾಗಿ 2017ರಲ್ಲಿ ಕರ್ನಾಟಕ ಈ ಕಾಯ್ದೆಗೇ ತಿದ್ದುಪಡಿ ತಂದು ಕಂಬಳಕ್ಕೆ ಅವಕಾಶ ಮಾಡಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಕಂಬಳದ ಬಗ್ಗೆ ನಿಮ್ಮ ನಿಲುವು ಏನೇ ಇರಲಿ. ಕೋಣಕ್ಕೆ ನೋವಾಗುತ್ತದೆಯೋ ಇಲ್ಲವೋ ಅಂತ ವಿಧಾನಸೌಧದಲ್ಲಿ ಶಾಸಕರು ಕೂತು ಮಾತಾಡಬೇಕಾಗಿ ಬಂದದ್ದೇ ಈ ಕಾಯ್ದೆ ಇದ್ದದ್ದರಿಂದ. ನನಗೆ ಅದು ದೊಡ್ಡ ವಿಷಯ.

ಒಂದು ಕೊರತೆ ಮಾತ್ರ ನನ್ನನ್ನು ಬಿಡದೆ ಕಾಡುತ್ತದೆ. ದಂಡ. ಸೆಕ್ಷನ್ 11ರಡಿ ಮೊದಲ ತಪ್ಪಿಗೆ 10 ರೂಪಾಯಿಯಿಂದ 50 ರೂಪಾಯಿ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ, ಅಥವಾ ಮೂರು ತಿಂಗಳ ತನಕ ಜೈಲು, ಅಥವಾ ಎರಡೂ. 1960ರಲ್ಲಿ ಕೂಲಿಯವನಿಗೆ 50 ರೂಪಾಯಿ ಅಂದರೆ ಹಲವು ವಾರದ ದುಡಿಮೆ. ಈಗ ಎಷ್ಟೋ ಹೋಟೆಲಿನಲ್ಲಿ ಒಂದು ಮಸಾಲೆ ದೋಸೆಯೂ ಆ ದುಡ್ಡಿಗೆ ಬರುವುದಿಲ್ಲ. ದಂಡ ಹೆಚ್ಚಿಸುವ ಕರಡು ಮಸೂದೆಯನ್ನು 2022ರಲ್ಲಿ ಕೇಂದ್ರ ಸರ್ಕಾರ ಜನರ ಮುಂದೆ ಇಟ್ಟು ಅಭಿಪ್ರಾಯ ಕೇಳಿತ್ತು. ಸಂಸತ್ತಿನಲ್ಲಿ ಇದನ್ನು ಹಿಡಿದು ಕೂರುವ ಇನ್ನೊಬ್ಬ ಸದಸ್ಯರು ಬೇಕು. ಪಕ್ಷ ಯಾವುದಾದರೂ ಆಗಲಿ.

1977ರಲ್ಲಿ ಮೊರಾರ್ಜಿ ದೇಸಾಯಿ ಅವರು ರುಕ್ಮಿಣಿದೇವಿಯವರನ್ನು ರಾಷ್ಟ್ರಪತಿ ಸ್ಥಾನಕ್ಕೆ ನಿಲ್ಲಿಸಲು ಮುಂದಾದರು. ರುಕ್ಮಿಣಿದೇವಿ ಬೇಡ ಅಂದರು. 1986ರ ಫೆಬ್ರುವರಿ 24ರಂದು ತೀರಿಕೊಂಡರು.

ಇನ್ನೊಂದು ಮಾತು. ರಾಜ್ಯಸಭೆಯ ಹಳೆಯ ಚರ್ಚೆಗಳು ಅದರ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. 1954ರ ಆ ಚರ್ಚೆಯನ್ನು ಹುಡುಕಿ ಓದಿ. ನನ್ನ ಮಾತು ನಂಬುವುದಕ್ಕಿಂತ ಅದು ಒಳ್ಳೆಯದು.

ಮರುವರ್ಷ ಬೇಸಿಗೆಯಲ್ಲಿ ನಾನು 1965ರ ನಿಯಮಗಳನ್ನು ಕನ್ನಡದಲ್ಲಿ ಒಂದು ಹಾಳೆಗೆ ಬರೆದು, ಜೆರಾಕ್ಸ್ ಮಾಡಿಸಿ, ಗಾಡಿಗಳು ಸಾಲಾಗಿ ನಿಲ್ಲುವ ಕಡೆ ಹಂಚಿದೆ. ಕೆಲವರು ಮಡಚಿ ಜೇಬಿಗೆ ಇಟ್ಟುಕೊಂಡರು. ಇಬ್ಬರು ಜಗಳಕ್ಕೆ ಬಂದರು. ವಯಸ್ಸಾದ ಒಬ್ಬರು ಪೂರ್ತಿ ಓದಿಸಿಕೊಂಡು ಕೇಳಿ, "ಹನ್ನೆರಡರಿಂದ ಮೂರರ ತನಕ ಅಂತ ದಿಲ್ಲಿಯವರೇ ಬರೆದವ್ರಾ?" ಅಂತ ಇನ್ನೊಂದು ಸಲ ಕೇಳಿದರು. ಹೌದು ಅಂದೆ. ನೊಗ ಇಳಿಸಿ, ಎತ್ತುಗಳನ್ನು ಹೊಂಗೆ ಮರದ ನೆರಳಿಗೆ ಕಟ್ಟಿದರು.