ಬೇರೆ ದೇಶಕ್ಕೆ ಓಡಿಹೋದ ಆರೋಪಿಯನ್ನು ಒಪ್ಪಂದದ ಮೂಲಕ ವಾಪಸ್ ತರುವುದು ಹೇಗೆ?

ಒಪ್ಪಂದ ಇದ್ದ ಮಾತ್ರಕ್ಕೆ ಪೊಲೀಸರು ವಿಮಾನ ಹತ್ತಿ ಹೋಗಿ ಹಿಡಿದು ತರುವಂತಿಲ್ಲ. ಕೇಳುವ ದೇಶ ಮೊದಲು ವಾರಂಟ್ ಮತ್ತು ಆರೋಪದ ವಿವರ ಕಳಿಸಬೇಕು. ಎಷ್ಟೋ ಒಪ್ಪಂದಗಳಲ್ಲಿ ಸಾಕ್ಷ್ಯವನ್ನೂ ಕೊಡಬೇಕು. ಆಮೇಲೆ ಆರೋಪಿ ಇರುವ ದೇಶದ ಕೋರ್ಟ್ ಅದನ್ನು ಪರಿಶೀಲಿಸುತ್ತದೆ. ಕೊನೆಯ ಮಾತು ಸಾಮಾನ್ಯವಾಗಿ ಅಲ್ಲಿನ ಸರ್ಕಾರದ್ದು.

ಕೋರ್ಟ್ ನೋಡುವ ಮುಖ್ಯ ವಿಷಯ, ಆ ಕೃತ್ಯ ಎರಡೂ ದೇಶಗಳಲ್ಲಿ ಅಪರಾಧವೇ ಅನ್ನುವುದು. ಹೆಸರು ಒಂದೇ ಇರಬೇಕಿಲ್ಲ, ಮಾಡಿದ ಕೆಲಸ ಎರಡೂ ಕಡೆ ಶಿಕ್ಷಾರ್ಹವಾಗಿದ್ದರೆ ಸಾಕು. ರಾಜಕೀಯ ಅಪರಾಧಕ್ಕೆ ಸಾಮಾನ್ಯವಾಗಿ ಒಪ್ಪಿಸುವುದಿಲ್ಲ. ಫ್ರಾನ್ಸ್, ಬ್ರೆಜಿಲ್‌ನಂಥ ದೇಶಗಳು ತಮ್ಮ ಪ್ರಜೆಗಳನ್ನು ಕೊಡುವುದು ತೀರಾ ಅಪರೂಪ.

ಮರಣದಂಡನೆ ಇದ್ದರೆ ವಿಷಯ ಇನ್ನೂ ಸೂಕ್ಷ್ಮ. 1989ರ ಸೋರಿಂಗ್ ಪ್ರಕರಣ ನೋಡಿ. ಕೊಲೆ ಆರೋಪಿಯೊಬ್ಬನನ್ನು ಬ್ರಿಟನ್ ಅಮೆರಿಕಕ್ಕೆ ಕಳಿಸಬೇಕಿತ್ತು. ಮರಣದಂಡನೆಗಾಗಿ ವರ್ಷಗಟ್ಟಲೆ ಕಾಯಿಸುವುದೇ ಅಮಾನವೀಯ, ಆ ಅಪಾಯ ಇರುವಾಗ ಕಳಿಸುವಂತಿಲ್ಲ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಹೇಳಿತು. ಮರಣದಂಡನೆ ಇಲ್ಲ ಎಂಬ ಭರವಸೆ ಸಿಕ್ಕಮೇಲಷ್ಟೇ ಅವನನ್ನು ಕಳಿಸಿದರು. ನನಗೆ ಈ ತೀರ್ಪು ತುಂಬಾ ಮುಖ್ಯ ಅನಿಸುತ್ತದೆ. ಆರೋಪ ಎಷ್ಟೇ ಘೋರವಾಗಿದ್ದರೂ ಅವನೂ ಮನುಷ್ಯನೇ ಅಲ್ವಾ?

ಇನ್ನೊಂದು ನಿಯಮ ಜಾಸ್ತಿ ಜನಕ್ಕೆ ಗೊತ್ತಿಲ್ಲ. ವಂಚನೆ ಕೇಸಿಗೆ ಅಂತ ಕರೆಸಿಕೊಂಡವನ ಮೇಲೆ ಸುಮ್ನೆ ಬೇರೆ ಹಳೇ ಕೇಸು ನಡೆಸುವಂತಿಲ್ಲ. ಅದಕ್ಕೆ ಕಳಿಸಿದ ದೇಶದ ಒಪ್ಪಿಗೆ ಬೇಕು.

ಅಂದಹಾಗೆ, ಪತ್ರಿಕೆಗಳು ಇದನ್ನೂ ‘ಗಡೀಪಾರು’ ಅನ್ನುತ್ತವೆ. ಆದರೆ ವೀಸಾ ಮುಗಿದವರನ್ನು ಹೊರಹಾಕುವುದೇ ಬೇರೆ. ಆರೋಪಿಯನ್ನು ಹೀಗೆ ಒಪ್ಪಿಸುವುದು ಹಸ್ತಾಂತರ. ಇಂಟರ್‌ಪೋಲ್‌ನ ರೆಡ್ ನೋಟಿಸ್ ಕೂಡ ಬಂಧನದ ವಾರಂಟ್ ಅಲ್ಲ, ಹುಡುಕಿ ತಾತ್ಕಾಲಿಕವಾಗಿ ಬಂಧಿಸಿ ಎಂಬ ಕೋರಿಕೆ ಮಾತ್ರ.