ರಿಟರ್ನ್ ದಿನ ಮುಗಿದ ಮೇಲೆ ಡಿವಿಡಿ ಕೆಟ್ಟಿದೆ ಅಂತ ಗೊತ್ತಾದರೆ ಏನು ಮಾಡೋದು?

ಆನ್‌ಲೈನ್‌ನಲ್ಲಿ ತರಿಸಿದ ಧಾರಾವಾಹಿ ಸೆಟ್ಟನ್ನು ಎರಡು ತಿಂಗಳು ಬಿಟ್ಟು ಬಿಚ್ಚಿದ್ದೀರಿ. ಅದರಲ್ಲಿ ಎರಡು ಡಿಸ್ಕ್ ಅರ್ಧಕ್ಕೇ ನಿಂತುಬಿಡುತ್ತವೆ. ಮಾರಿದವರು "10 ದಿನ ದಾಟಿದೆ, ಆಗಲ್ಲ" ಅಂದಿದ್ದಾರೆ. ಇಷ್ಟೇ ಅಲ್ವಾ? ನನಗೂ ಹೀಗೇ ಆಗಿತ್ತು. ಕೊನೆಗೆ ಬದಲಿ ಡಿಸ್ಕ್ ಸಿಕ್ಕಿತು, ಆದರೆ ಕೊಟ್ಟಿದ್ದು ಅಂಗಡಿಯವರಲ್ಲ.

ಕರಾವಳಿ ಕಡೆ ಹೋದಾಗ ಅಪ್ಪನಿಗೆ ಅಂತ ಯಕ್ಷಗಾನದ ಡಿವಿಡಿ ಸೆಟ್ ತಂದಿದ್ದೆ. ಇಡೀ ರಾತ್ರಿಯ ಆಟ, ಮೂರು ಡಿಸ್ಕ್. ದೀಪಾವಳಿಗೆ ಊರಿಗೆ ಹೋಗುವವರೆಗೆ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ. ಎರಡು ಡಿಸ್ಕ್ ಚೆನ್ನಾಗಿ ಓಡಿದವು. ಮೂರನೆಯದರಲ್ಲಿ, ಬಣ್ಣದ ವೇಷ ರಂಗಕ್ಕೆ ಬಂದು ಚೆಂಡೆ ಏರುವ ಹೊತ್ತಿಗೆ ಚಿತ್ರ ಚೌಕ ಚೌಕವಾಗಿ ಒಡೆದು ನಿಂತಿತು. ಅಪ್ಪ ರಿಮೋಟ್ ಹಿಡಿದು ನನ್ನ ಮುಖ ನೋಡಿದರು. ಕ್ಯಾಸೆಟ್ ಅಂಗಡಿಗೆ ಫೋನ್ ಮಾಡಿದರೆ, "ಬಿಲ್ಲಲ್ಲೇ ಬರೆದಿದೆಯಲ್ಲ ಸಾರ್, ಒಂದು ವಾರ" ಅಂದರು.

ಜಗಳಕ್ಕೆ ಇಳಿಯುವ ಮೊದಲು ಕೆಟ್ಟಿರುವುದು ಡಿಸ್ಕೋ, ಪ್ಲೇಯರೋ ಅಂತ ಖಚಿತ ಮಾಡಿಕೊಳ್ಳಿ. ಹಳೆಯ ಪ್ಲೇಯರ್‌ನ ಲೆನ್ಸ್ ಮೇಲೆ ಧೂಳು ಕೂತಿದ್ದರೆ ಒಳ್ಳೆಯ ಡಿಸ್ಕೂ ತಡವರಿಸುತ್ತದೆ. ಇನ್ನೊಂದು ಪ್ಲೇಯರ್‌ನಲ್ಲಿ ಅಥವಾ ಕಂಪ್ಯೂಟರ್‌ನಲ್ಲಿ ಹಾಕಿ ನೋಡಿ. ಅಲ್ಲೂ ಅದೇ ನಿಮಿಷಕ್ಕೆ ನಿಂತರೆ ಡಿಸ್ಕಿನದೇ ತಪ್ಪು. ಒರೆಸುವುದಾದರೆ ಮೆತ್ತನೆಯ ಹತ್ತಿ ಬಟ್ಟೆಯಲ್ಲಿ, ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತು ಸುತ್ತಾಗಿ ಬೇಡ. ದತ್ತಾಂಶ ಸುರುಳಿಯಂತೆ ಬರೆದಿರುತ್ತದೆ, ಅದರ ದಾರಿಯಲ್ಲೇ ಗೀರು ಬಿದ್ದರೆ ಪ್ಲೇಯರ್‌ಗೆ ಸರಿಪಡಿಸಿಕೊಳ್ಳುವುದು ಕಷ್ಟ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಬದಲಿ ಕೇಳುವ ಯೋಚನೆ ಇದ್ದರೆ ಖಂಡಿತ ಬೇಡ. ಉಜ್ಜಿದ ಗುರುತು ಕಂಡರೆ ನೀವೇ ಕೆಡಿಸಿದಿರಿ ಅನ್ನುತ್ತಾರೆ.

ಇನ್ನೊಂದು ವಿಷಯ. ಡಿವಿಡಿ ಯಾವ ದೇಶಗಳ ಪ್ಲೇಯರಿನಲ್ಲಿ ಓಡಬೇಕು ಅನ್ನುವುದಕ್ಕೆ ರೀಜನ್ ಅಂತ ಒಂದು ನಂಬರ್ ಇರುತ್ತದೆ. ಸೆಟ್ ಅಮೆರಿಕದಿಂದ ಬಂದದ್ದಾದರೆ ಅದು ರೀಜನ್ 1, ನಮ್ಮದು ರೀಜನ್ 5. ಆದರೆ ಅಂಥದ್ದು ಶುರುವಾಗುವುದೇ ಇಲ್ಲ, ನಡುವೆ ನಿಲ್ಲುವುದಿಲ್ಲ. ಹಾಗಾಗಿ ನಿಮ್ಮ ಕಾಯಿಲೆ ಅದಲ್ಲ. ದೊಡ್ಡ ಕಂಪನಿಗಳ 8.5 ಜಿಬಿ ಡಿಸ್ಕುಗಳಲ್ಲಿ ಎರಡು ಪದರ ಇರುತ್ತದೆ. ಒಂದರಿಂದ ಇನ್ನೊಂದಕ್ಕೆ ದಾಟುವಾಗ ಕ್ಷಣ ಹೊತ್ತು ನಿಂತು ಮುಂದೆ ಹೋದರೆ ಅದೂ ದೋಷವಲ್ಲ.

ಈಗ ಡಿಸ್ಕನ್ನು ತಿರುಗಿಸಿ ಕೆಳಭಾಗದ ಬಣ್ಣ ನೋಡಿ. ನನ್ನ ಕೆಲಸ ಆಗಿದ್ದು ಇದರಿಂದಲೇ. ಬೆಳ್ಳಿ ಬಣ್ಣವಿದ್ದರೆ ಕಾರ್ಖಾನೆಯಲ್ಲಿ ಅಚ್ಚು ಹಾಕಿದ್ದು. ನೇರಳೆ ಛಾಯೆ ಇದ್ದರೆ ಯಾರೋ ಕಂಪ್ಯೂಟರ್‌ನಲ್ಲಿ ಬರೆದದ್ದು. ನೇರಳೆ ಅಂದಕೂಡಲೇ ಕಳ್ಳ ಮಾಲು ಅಂದುಕೊಳ್ಳಬೇಡಿ. ನೂರಿನ್ನೂರು ಪ್ರತಿ ಮಾಡುವ ಸಣ್ಣ ಸ್ಟುಡಿಯೋಗಳು ಹೀಗೇ ಮಾಡುವುದು. ಆದರೆ ದೊಡ್ಡ ಕಂಪನಿಯ ಹೆಸರಿನ ಪೆಟ್ಟಿಗೆಯೊಳಗೆ ನೇರಳೆ ಡಿಸ್ಕ್ ಇದ್ದರೆ ಅನುಮಾನ ಪಡಲೇಬೇಕು.

ನನ್ನದು ನೇರಳೆ. ಡಿವಿಡಿ ಒಳಗಿನಿಂದ ಅಂಚಿನ ಕಡೆಗೆ ಓಡುತ್ತದೆ. ಅಗ್ಗದ ಖಾಲಿ ಡಿಸ್ಕಿಗೆ ಜೋರು ವೇಗದಲ್ಲಿ ಬರೆದರೆ ಅಂಚಿನ ಹತ್ತಿರ ತಪ್ಪುಗಳು ಜಾಸ್ತಿ. ಆಟದ ಕೊನೆಯ ಭಾಗವೇ ಕೈಕೊಟ್ಟಿದ್ದು ಇದಕ್ಕೇ ಇರಬೇಕು. ಕವರ್ ಹಿಂದೆ ಚಿತ್ರೀಕರಣ ಮಾಡಿದ ಸ್ಟುಡಿಯೋದ ಫೋನ್ ನಂಬರ್ ಸಣ್ಣಕ್ಷರದಲ್ಲಿತ್ತು. ದುಡ್ಡು ವಾಪಸ್ ಕೇಳಲಿಲ್ಲ. ಮೂರನೇ ಡಿಸ್ಕ್ ಮಾತ್ರ ಇನ್ನೊಂದು ಪ್ರತಿ ಬೇಕು, ಅಂಚೆ ಖರ್ಚು ನಾನೇ ಕೊಡುತ್ತೇನೆ ಅಂದೆ. "ಎಂತ ಮಾರಾಯ್ರೇ, ಇಷ್ಟು ದಿನ ಎಂತ ಮಾಡ್ತಿದ್ರಿ? ವಿಳಾಸ ಹೇಳಿ" ಅಂದರು ಆ ಕಡೆಯವರು. ವಾರದೊಳಗೆ ಬಂತು. ಅವರ ಮಟ್ಟಿಗೆ ಅದು ಒಂದು ಖಾಲಿ ಡಿಸ್ಕಿನ ಖರ್ಚು. ಅಂಗಡಿಯವನಾದರೆ ಇಡೀ ಸೆಟ್ಟಿನ ಬೆಲೆ ಕಳೆದುಕೊಳ್ಳಬೇಕಿತ್ತು. ಅವನ ಹಟ ಆಗ ಅರ್ಥವಾಯಿತು.

ನಿಮ್ಮದು ಬೆಳ್ಳಿಯದಾದರೂ ದಾರಿ ಇದೇ. ಕವರ್ ಮೇಲೆ ಹೆಸರಿರುವ ವಿತರಕರಿಗೆ ಮೇಲ್ ಬರೆಯಿರಿ. ಬಿಲ್ಲಿನ ಫೋಟೋ, ಯಾವ ಡಿಸ್ಕ್ ಎಷ್ಟನೇ ನಿಮಿಷಕ್ಕೆ ನಿಲ್ಲುತ್ತದೆ ಅನ್ನುವುದು, ಎರಡು ಪ್ಲೇಯರ್‌ನಲ್ಲೂ ನಿಂತದ್ದರ ಸಣ್ಣ ವಿಡಿಯೋ, ಇಷ್ಟು ಸಾಕು. ನಡುವಿನ ತೂತಿನ ಸುತ್ತ ಕನ್ನಡಿಯಂಥ ಉಂಗುರದಲ್ಲಿ ಚಿಕ್ಕ ಅಂಕಿಗಳಿರುತ್ತವೆ. ಅದನ್ನೂ ಬರೆದರೆ ಕಾರ್ಖಾನೆಯ ಯಾವ ಬ್ಯಾಚಿನ ಮಾಲು ಅಂತ ಅವರಿಗೆ ಗೊತ್ತಾಗುತ್ತದೆ. ವಾರ್ನರ್ ಬ್ರದರ್ಸ್‌ನವರು 2006ರಿಂದ 2008ರ ನಡುವೆ ತಯಾರಾದ ತಮ್ಮ ಕೆಲವು ಡಿವಿಡಿಗಳಲ್ಲಿ ತೊಂದರೆ ಇದೆ ಅಂತ 2025ರಲ್ಲಿ ಒಪ್ಪಿಕೊಂಡು, ಬದಲಿ ಕೊಡುತ್ತಿದ್ದೇವೆ ಅಂದರು. ಹದಿನೈದು ವರ್ಷ ದಾಟಿದ ಮಾಲಿಗೆ! ನಿಮ್ಮದು ಬರೀ ಎರಡು ತಿಂಗಳು. ಆದರೆ ತಯಾರಿಸಿದವರು ಇನ್ನೂ ಇರಬೇಕು. 2007ರಲ್ಲಿ 34 ರೂಪಾಯಿಗೆ ಡಿವಿಡಿ ಮಾರಿದ ಮೋಸರ್ ಬೇರ್ ಕಂಪನಿಯೇ 2018ರಲ್ಲಿ ಆಸ್ತಿ ಮಾರಿ ಸಾಲ ತೀರಿಸುವ ಲಿಕ್ವಿಡೇಶನ್‌ಗೆ ಹೋಯಿತು.

ಕಾನೂನಿನ ಮಾತು. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ಪ್ರಕಾರ, ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ ದೋಷದ ಮಾಲನ್ನು ವಾಪಸ್ ತೆಗೆದುಕೊಳ್ಳದಿರುವುದು ತಪ್ಪು. ಅವಧಿ ಬರೆದೇ ಇಲ್ಲದಿದ್ದರೆ 30 ದಿನ. ನಿಮಗೆ ಎರಡೂ ದಾಟಿದೆ, ನಿಜ. ಆದರೆ ಮಾಲಿನಲ್ಲೇ ದೋಷವಿದೆ ಅನ್ನುವ ದೂರಿಗೆ ಬೇರೆ ಲೆಕ್ಕ. ಅದಕ್ಕೆ ಎರಡು ವರ್ಷ ಸಮಯವಿದೆ. 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯವರು ದೂರು ಬರೆದುಕೊಂಡು ಕಂಪನಿಗೆ ಕಳಿಸುತ್ತಾರೆ. ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು, 5 ಲಕ್ಷದವರೆಗೆ ಶುಲ್ಕವೇ ಇಲ್ಲ. ಆದರೂ ಎರಡು ಡಿವಿಡಿಗೋಸ್ಕರ ಆಯೋಗದ ಮೆಟ್ಟಿಲು ಹತ್ತುವುದು ನನಗಂತೂ ಬೇಡ ಅನ್ನಿಸುತ್ತದೆ. ಮೇಲ್‌ಗೆ ಹದಿನೈದು ದಿನ ಉತ್ತರ ಬರದಿದ್ದರೆ 1915, ಅಲ್ಲಿಗೆ ಸಾಕು.

ಒಂದು ಕೆಲಸ ಮಾತ್ರ ಇವತ್ತೇ ಮಾಡಿ. ಮೇಲ್ ಕಳಿಸುವ ಮುಂಚೆ ಸೆಟ್ಟಿನ ಉಳಿದ ಡಿಸ್ಕುಗಳನ್ನೂ ಕೊನೆಯವರೆಗೆ ಓಡಿಸಿ ನೋಡಿ. ಎರಡಕ್ಕೆ ಬದಲಿ ತರಿಸಿಕೊಂಡು, ಆಮೇಲೆ ಐದನೆಯದೂ ಕೆಟ್ಟಿದೆ ಅಂತ ಮತ್ತೆ ಬರೆಯುವುದು ಮುಜುಗರ. ಸುಮ್ನೆ ಓಡಿಸಿ ಬಿಡಬೇಡಿ, ಯಾರಾದರೂ ಕೂತು ನೋಡಬೇಕು. ನಮ್ಮನೆಯಲ್ಲಿ ಆ ಕೆಲಸ ಅಪ್ಪ ವಹಿಸಿಕೊಂಡರು. ಕಪಾಟಿನಲ್ಲಿದ್ದ ಹಳೆಯ ಆಟಗಳನ್ನೂ "ಚೆಕ್ ಮಾಡಬೇಕಲ್ಲ" ಅಂತ ಇಳಿಸಿಕೊಂಡು ನಾಲ್ಕು ರಾತ್ರಿ ಟಿವಿ ಬಿಟ್ಟು ಏಳಲಿಲ್ಲ.